ಇಸ್ತಾಂಬುಲ್‌ನಲ್ಲಿ ಅದೇ ಲೋಕಾಂತಾ, ಮತ್ತೆ

ವಿದೇಶಕ್ಕೆ ಹೋದಾಗ "ನಿನ್ನೆ ಉಂಡ ಕಡೆಗೇ ಇವತ್ತೂ ಹೋಗೋಣ" ಅಂದು ನೋಡಿ. ಜೊತೆಗಿರುವವರಲ್ಲಿ ಒಬ್ಬರಾದರೂ ಮೂಗು ಮುರಿಯುತ್ತಾರೆ. ಇಷ್ಟು ದೂರ ಬಂದಿದ್ದೀವಿ, ಇಷ್ಟು ಖರ್ಚು ಮಾಡಿದ್ದೀವಿ, ಇರೋದೇ ನಾಲ್ಕು ದಿನ, ಅದರಲ್ಲೂ ಒಂದೇ ಕಡೆ ಎರಡೆರಡು ಸಲ ಯಾಕೆ ಅನ್ನೋ ವಾದ. ಕೇಳೋದಕ್ಕೆ ಸರಿಯಾಗೇ ಇದೆ. ಆದರೆ ಪ್ರವಾಸದ ಊಟವನ್ನು ಹೀಗೆ ಟಿಕ್ ಹಾಕುವ ಪಟ್ಟಿ ಮಾಡಿಕೊಂಡು ನಾವು ಬಹಳ ದೊಡ್ಡದನ್ನು ಕಳೆದುಕೊಳ್ಳುತ್ತಿದ್ದೇವೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇಷ್ಟವಾದ ಜಾಗ ಸಿಕ್ಕರೆ ಮತ್ತೆ ಹೋಗಬೇಕು. ಮರುದಿನವೇ ಹೋಗಬೇಕು. ಅನುಕೂಲ ಕೂಡಿಬಂದರೆ ವರ್ಷಗಳ ಮೇಲೂ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕು.

ನಾನಿದನ್ನು ಇಸ್ತಾಂಬುಲ್ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆ ಊರಿನ ಏಷ್ಯಾ ದಡದಲ್ಲಿ ಕಡಿಕೊಯ್ ಅಂತ ಒಂದು ಬಡಾವಣೆ. ಯುರೋಪಿನ ದಡದ ಎಮಿನೋನುವಿನಲ್ಲಿ ದೋಣಿ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷ. ಜರ್ಮನ್ನರು ಕಟ್ಟಿದ ಹೈದರ್‌ಪಾಶಾ ರೈಲು ನಿಲ್ದಾಣ ನೀರಿನಂಚಿಗೇ ನಿಂತಿರುವುದು ಎಡಗಡೆ ಕಾಣುತ್ತದೆ, ಅದನ್ನು ದಾಟಿದ ಕೂಡಲೇ ಇಳಿಯುವ ದಕ್ಕೆ. ಪ್ರವಾಸಿಗಳು ಹೆಚ್ಚಾಗಿ ಯುರೋಪಿನ ದಡದಲ್ಲೇ, ಹಾಗಿಯಾ ಸೋಫಿಯಾ, ನೀಲಿ ಮಸೀದಿ, ದೊಡ್ಡ ಬಜಾರುಗಳ ಸುತ್ತಲೇ ಉಳಿದುಬಿಡುತ್ತಾರೆ. ಈ ಕಡೆ ಬರುವವರು ಕೆಲಸ ಮುಗಿಸಿ ಮನೆಗೆ ಹೋಗುವ ಜನ, ಕಾಲೇಜಿನ ಹುಡುಗರು, ಮಾರ್ಕೆಟ್ಟಿಗೆ ಬಂದವರು. ನಾನು ಹೇಳುವ ಊಟದ ಮನೆ ಇರುವುದು ಆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಅದರ ಹೆಸರು ಹಾಕುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಂಥ ಜಾಗಕ್ಕೆ ಅಲ್ಲಿ ಎಸ್ನಾಫ್ ಲೋಕಾಂತಾ ಅನ್ನುತ್ತಾರೆ. ಅಂಗಡಿಯವರು, ಕುಶಲಕರ್ಮಿಗಳು, ಬ್ಯಾಂಕಿನ ಗುಮಾಸ್ತರು ಮಧ್ಯಾಹ್ನ ಬಂದು ಉಂಡು ಹೋಗುವ ಕಡೆ. ಮೆನು ಕಾರ್ಡು ಕೊಟ್ಟರೂ ಯಾರೂ ನೋಡುವುದಿಲ್ಲ. ಒಳಗೆ ಹೋದ ಕೂಡಲೇ ಗಾಜಿನ ಹಿಂದೆ ಉದ್ದಕ್ಕೆ ಸ್ಟೀಲಿನ ತಟ್ಟೆಗಳು, ಕೆಳಗಿನಿಂದ ಬಿಸಿನೀರಿನ ಹಬೆ. ಬಿಳಿ ಹುರುಳಿಕಾಯಿ ಬೀಜದ ಕುರು ಫಾಸುಲ್ಯೆ ಒಂದರಲ್ಲಿ, ಪಕ್ಕದಲ್ಲಿ ಬೆಣ್ಣೆ ಹಾಕಿದ ಪಿಲಾವ್, ಬದನೆಕಾಯಿಯದ್ದು ಒಂದು, ಮಾಂಸದವು ಮೂರು ನಾಲ್ಕು. ಅವರೆಲ್ಲ ಉಸ್ತಾ ಅಂತ ಕರೆಯುವ ಹಿರಿಯ ಬಾಣಸಿಗ ಸೌಟು ಹಿಡಿದು ನಿಂತಿರುತ್ತಾನೆ. ನೀವು ಬೆರಳು ತೋರಿಸಬೇಕು. ಅರ್ಧ ಸಾಕಾದರೆ "ಆಜ್" ಅನ್ನಬೇಕು. ಎರಡು ಮೂರು ಬಗೆ ರುಚಿ ನೋಡಬೇಕು ಅನ್ನುವವರಿಗೆ ಆ ಒಂದು ಪದ ದೊಡ್ಡ ಉಪಕಾರ. ಬ್ರೆಡ್ಡು ಬುಟ್ಟಿಯಲ್ಲಿ ಬರುತ್ತದೆ, ಖಾಲಿಯಾದರೆ ಇನ್ನೊಂದು ಬುಟ್ಟಿ. ಮೇಜಿನಲ್ಲಿ ಎದುರಿಗೆ ಯಾರು ಬಂದು ಕೂರುತ್ತಾರೋ ಗೊತ್ತಿಲ್ಲ. ಉಂಡು ಮುಗಿದ ಮೇಲೆ ಸಣ್ಣ ಗಾಜಿನ ಲೋಟದಲ್ಲಿ ಚಹಾ, ಅಂಗೈಗೆ ಕೊಲೊನ್ಯಾ ಅನ್ನುವ ನಿಂಬೆ ಪರಿಮಳದ ಸುಗಂಧದ್ರವ. ಹನ್ನೆರಡರಿಂದ ಎರಡರವರೆಗೆ ಭರಾಟೆ. ಮೂರು ಗಂಟೆಗೆ ಹೋದರೆ ಒಳ್ಳೆಯದೆಲ್ಲ ಖಾಲಿ.

ಮೊದಲ ದಿನ ಇಂಥ ಕಡೆ ನಾವು ಏನು ಮಾಡುತ್ತೇವೆ? ಹೆದರಿಕೆಯಿಂದ, ಗೊತ್ತಿರುವುದಕ್ಕೆ ಹತ್ತಿರ ಇರುವುದನ್ನು ತೋರಿಸುತ್ತೇವೆ. ಹಿಂದೆ ಸಾಲಿನಲ್ಲಿ ಅವಸರದ ಜನ ನಿಂತಿದ್ದಾರೆ, ಹೆಸರುಗಳು ತಿಳಿಯವು, ಯಾವುದರಲ್ಲಿ ಮಾಂಸ ಇದೆ ಯಾವುದರಲ್ಲಿ ಇಲ್ಲ ಗೊತ್ತಿಲ್ಲ. ಸಿಕ್ಕಿದ್ದನ್ನು ತೆಗೆದುಕೊಂಡು ಮೂಲೆಯ ಮೇಜು ಹಿಡಿಯುತ್ತೇವೆ. ಊಟ ಚೆನ್ನಾಗಿದ್ದರೂ ಆವತ್ತು ಗಮನ ಪೂರ್ತಿ ಊಟದ ಮೇಲಿರುವುದಿಲ್ಲ. ದುಡ್ಡು ಎಲ್ಲಿ ಕೊಡಬೇಕು, ತಟ್ಟೆ ನಾವೇ ಎತ್ತಬೇಕೋ ಬಿಡಬೇಕೋ, ನೀರಿಗೆ ಬೇರೆ ದುಡ್ಡೋ, ಇದರಲ್ಲೇ ಅರ್ಧ ಹೋಗುತ್ತದೆ.

ಎರಡನೇ ದಿನ ಆ ಚಿಂತೆ ಯಾವುದೂ ಇರುವುದಿಲ್ಲ. ನಾಲಿಗೆ ಬಿಡುವಾಗುತ್ತದೆ. ನನಗೆ ಅಲ್ಲಿ ಎರಡನೇ ಮಧ್ಯಾಹ್ನವೇ ಬಿಸಿ ತಟ್ಟೆಗಳ ಆಚೆ, ಮೂಲೆಯಲ್ಲಿ ತಣ್ಣಗಿಟ್ಟ ಇನ್ನೊಂದು ಸಾಲು ಇದೆ ಅಂತ ಕಂಡಿದ್ದು. ಹಿಂದಿನ ದಿನವೂ ಅದು ಅಲ್ಲೇ ಇತ್ತು. ಅವು ಜೈತಿನ್‌ಯಾಲಿ, ಅಂದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳು. ಟರ್ಕಿಯ ಅಡುಗೆ ಅಂದರೆ ಕಬಾಬ್ ಅಂತ ತಿಳಿದಿರುವ ಎಲ್ಲರಿಗೂ, ಅದರಲ್ಲೂ ಸಸ್ಯಾಹಾರಿಗಳಿಗೆ, ನಾನು ಈ ಸಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು.

ತರಕಾರಿ, ಈರುಳ್ಳಿ, ಧಾರಾಳ ಆಲಿವ್ ಎಣ್ಣೆ, ಉಪ್ಪು, ಒಂದು ಚಿಟಿಕೆ ಸಕ್ಕರೆ, ಸ್ವಲ್ಪ ನೀರು. ಅಷ್ಟೇ. ಸಣ್ಣ ಉರಿಯಲ್ಲಿ ಬೇಯಿಸಿ, ಅದೇ ಪಾತ್ರೆಯಲ್ಲಿ ಆರಲು ಬಿಡುತ್ತಾರೆ. ಬಿಸಿಯಾಗಿ ಬಡಿಸುವುದಿಲ್ಲ. ಆರುವಾಗ ಎಣ್ಣೆಯೂ ತರಕಾರಿಯ ರಸವೂ ಒಂದಾಗಿ ನಿಲ್ಲುತ್ತವೆ, ಆ ರಸವನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನುವುದೇ ಸೊಗಸು. ಚಳಿಗಾಲಕ್ಕೆ ಲೀಕ್, ಅದರ ಜೊತೆ ಕ್ಯಾರೆಟ್ಟು, ನಾಲ್ಕು ಅಕ್ಕಿಕಾಳು. ಕೆರೆವಿಜ್ ಅಂತ ಒಂದು ಗಡ್ಡೆ, ಸೆಲರಿ ಜಾತಿಯದು, ಅದನ್ನು ಕಿತ್ತಳೆ ರಸದಲ್ಲಿ ಬೇಯಿಸುತ್ತಾರೆ. ಬೇಸಿಗೆಗೆ ಬೀನ್ಸು, ಟೊಮೆಟೊ. ಬದನೆಕಾಯಿಯ ಹೊಟ್ಟೆ ಸೀಳಿ ಈರುಳ್ಳಿ ತುಂಬಿದ ಇಮಾಮ್ ಬಾಯಿಲ್ದಿ. ವಸಂತಕ್ಕೆ ಎಂಗಿನಾರ್, ಅಂದರೆ ಆರ್ಟಿಚೋಕ್.

ಎಂಗಿನಾರ್ ಕತೆ ಪೂರ್ತಿ ತಿಳಿಯಬೇಕಾದರೆ ಲೋಕಾಂತಾದಿಂದ ಹೊರಗೆ ಬಂದು ಮಾರ್ಕೆಟ್ಟಿನಲ್ಲಿ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳಲ್ಲಿ ತಳ್ಳುಗಾಡಿಯವನು ಸ್ಟೂಲಿನ ಮೇಲೆ ಕೂತು, ಮುಳ್ಳುಮುಳ್ಳಾದ ಆ ಹಸಿರು ಮೊಗ್ಗಿನ ಒಂದೊಂದೇ ಸಿಪ್ಪೆ ಕಿತ್ತು, ಚೂರಿಯನ್ನು ಬುಡದ ಸುತ್ತ ಒಂದೇ ಓಟದಲ್ಲಿ ತಿರುಗಿಸುತ್ತಾನೆ. ಒಳಗಿನ ನಾರನ್ನು ಚಮಚದಲ್ಲಿ ಕೆರೆಯುತ್ತಾನೆ. ಕೊನೆಗೆ ಕೈಯಲ್ಲಿ ಉಳಿಯುವುದು ಅಂಗೈಯಷ್ಟು ಅಗಲದ ಬಿಳಿ ಬಟ್ಟಲು. ಅದನ್ನು ತಕ್ಷಣ ನಿಂಬೆಹಣ್ಣಿನ ನೀರಿಗೆ ಹಾಕುತ್ತಾನೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ಕಾಲ ಬುಡದಲ್ಲಿ ಸಿಪ್ಪೆಯ ರಾಶಿ. ಆ ಬಟ್ಟಲಿನಲ್ಲಿ ಬಟಾಣಿ, ಕ್ಯಾರೆಟ್ಟು, ಆಲೂಗಡ್ಡೆ ತುಂಬಿ, ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸಿ ಲೋಕಾಂತಾದ ತಣ್ಣನೆ ಸಾಲಿನಲ್ಲಿ ಇಡುತ್ತಾರೆ. ಬೆಳಿಗ್ಗೆ ಅವನು ಸುಲಿಯುವುದನ್ನು ನೋಡಿ ಮಧ್ಯಾಹ್ನ ಅದನ್ನು ತಿಂದಾಗ ಆದ ಸಂತೋಷ ನನಗೆ ಯಾವ ಅರಮನೆ ನೋಡಿದಾಗಲೂ ಆಗಿಲ್ಲ. ಜೂನ್ ಕಳೆಯುವ ಹೊತ್ತಿಗೆ ಅದರ ಕಾಲ ಮುಗಿಯುತ್ತದೆ. ಚಳಿಗಾಲದಲ್ಲಿ ಹೋದವರಿಗೆ ಅದೇ ಜಾಗದಲ್ಲಿ ಕೆರೆವಿಜ್ ಕಾಣುತ್ತದೆ, ಊಟದ ಕೊನೆಗೆ ಕೆನೆ ಹಾಕಿದ ಕೆಂಪು ಕ್ವಿನ್ಸ್ ಹಣ್ಣು.

ಹೀಗಿರುವಾಗ "ಅದೇ ಹೋಟೆಲು, ಅದೇ ಊಟ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಒಂದೇ ಬಾಗಿಲ ಒಳಗೆ ವರ್ಷ ಪೂರ್ತಿ ತಿರುಗುವ ಅಡುಗೆ ಇದೆ. ಒಂದು ಮಧ್ಯಾಹ್ನ ಹೋಗಿ ಬಂದವರು ಅದರ ಒಂದು ತುಣುಕು ಮಾತ್ರ ನೋಡಿರುತ್ತಾರೆ.

ಮರಳಿ ಹೋದರೆ ಬೇಜಾರಾಗುತ್ತದೆ ಅನ್ನುವ ಭಯವೂ ನಿಜಕ್ಕಿಂತ ದೊಡ್ಡದು. 2019ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಎಡ್ ಓಬ್ರಿಯನ್ ಎಂಬ ಸಂಶೋಧಕರು ಇದರ ಮೇಲೆ ಸಾಲು ಪ್ರಯೋಗಗಳನ್ನು ಪ್ರಕಟಿಸಿದರು. ಮ್ಯೂಸಿಯಂ ಪ್ರದರ್ಶನ, ಸಿನಿಮಾ, ವಿಡಿಯೋ ಗೇಮ್, ಹೀಗೆ ಒಮ್ಮೆ ಅನುಭವಿಸಿದ್ದನ್ನೇ ಮತ್ತೆ ಅನುಭವಿಸಿದರೆ ಎಷ್ಟು ಖುಷಿಯಾಗಬಹುದು ಅಂತ ಒಂದು ಗುಂಪನ್ನು ಕೇಳಿದರು, ಇನ್ನೊಂದು ಗುಂಪಿನಿಂದ ನಿಜವಾಗಿಯೂ ಮಾಡಿಸಿದರು. ಊಹಿಸಿದವರು ಅಂದುಕೊಂಡಿದ್ದಕ್ಕಿಂತ ಹೆಚ್ಚು ಖುಷಿ ಮಾಡಿದವರಿಗೆ ಸಿಕ್ಕಿತ್ತು. ಮೊದಲ ಸಲ ಕಣ್ಣಿಗೆ ಬೀಳದೆ ಉಳಿದದ್ದು ಎರಡನೇ ಸಲ ಬೀಳುತ್ತದೆ ಅನ್ನುವುದೇ ಅದರ ತಿರುಳು. ನನ್ನ ತಣ್ಣನೆ ಸಾಲಿನ ಅನುಭವವೂ ಅದೇ.

ಇಲ್ಲಿಯವರೆಗೆ ಮರುದಿನದ ಮಾತಾಯಿತು. ವರ್ಷಗಳ ಮೇಲೆ ಹೋಗುವುದು ಇನ್ನೂ ಬೇರೆಯೇ ಸಂಗತಿ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ನಾನು ಮೊದಲು ಹೋದದ್ದು ಕೊರೋನಾಗೆ ಮುಂಚೆ. 2019ರಲ್ಲಿ ಒಂದು ಡಾಲರಿಗೆ ಹೆಚ್ಚುಕಡಿಮೆ 6 ಲಿರಾ ಇತ್ತು. 2024ರಲ್ಲಿ 30 ದಾಟಿತ್ತು. ನಡುವೆ, 2022ರ ಅಕ್ಟೋಬರಿನಲ್ಲಿ, ಅಲ್ಲಿನ ಸರ್ಕಾರಿ ಲೆಕ್ಕದ ಪ್ರಕಾರವೇ ವಾರ್ಷಿಕ ಹಣದುಬ್ಬರ ಶೇ. 85 ಮೀರಿತ್ತು. ಈ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುವುದು ಸುಲಭ. ಮೊದಲೇ ಉಂಡ ಜಾಗಕ್ಕೆ ಮತ್ತೆ ಹೋದಾಗ ಅವು ಕಣ್ಣೆದುರಿಗೇ ಇರುತ್ತವೆ. ಗೋಡೆಯ ಮೇಲಿನ ಬೆಲೆಪಟ್ಟಿಯಲ್ಲಿ ಅಂಕಿಯ ಮೇಲೆ ಅಂಕಿ ಅಂಟಿಸಿದ್ದರು, ಅಂಚಿನಲ್ಲಿ ಹಳೆಯ ಕಾಗದದ ಪದರಗಳು ಕಾಣುತ್ತಿದ್ದವು. ಡಾಲರು ತಂದವನಿಗೆ ಏರಿದ ಬೆಲೆ ಅಷ್ಟಾಗಿ ತಟ್ಟುವುದಿಲ್ಲ. ತಟ್ಟುವುದು ಲಿರಾದಲ್ಲಿ ಸಂಬಳ ತೆಗೆದುಕೊಂಡು ಅಲ್ಲಿ ದಿನವೂ ಉಣ್ಣುತ್ತಿದ್ದವನಿಗೆ. ಹಿಂದೆ ಪಿಲಾವ್, ಫಾಸುಲ್ಯೆ, ಮೊಸರು, ಸಿಹಿ ಅಂತ ತಟ್ಟೆ ತುಂಬಿಸಿಕೊಳ್ಳುತ್ತಿದ್ದ ಮಂದಿ ಈಗ ಒಂದು ಸೂಪು, ಒಂದು ಬುಟ್ಟಿ ಬ್ರೆಡ್ಡಿನಲ್ಲಿ ಮುಗಿಸಿ ಏಳುತ್ತಿದ್ದುದನ್ನು ನಾನು ಆ ದಿನಗಳಲ್ಲಿ ಮತ್ತೆ ಮತ್ತೆ ನೋಡಿದೆ. ಮೊದಲ ಸಲ ಬಂದವನಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಅಲ್ಲಿಯ ಜನ ಊಟ ಮಾಡುವುದೇ ಇಷ್ಟು ಅಂದುಕೊಂಡು ಬರುತ್ತಾನೆ.

ಇನ್ನೊಂದು ಬದಲಾವಣೆ ಗಾಜಿನ ಹಿಂದೆಯೇ ಇತ್ತು. ಹಿಂದೆ ಇಲ್ಲದ ಒಂದು ತಟ್ಟೆ, ಹಸಿ ಥೈಮ್ ಸೊಪ್ಪು, ಈರುಳ್ಳಿ, ದಾಳಿಂಬೆ ರಸದ ಗಟ್ಟಿ ಪಾಕ ಹಾಕಿದ ಕೋಸಂಬರಿಯಂಥದ್ದು, ಖಾರವಾಗಿತ್ತು. ಇದು ಇಸ್ತಾಂಬುಲ್ ರುಚಿಯಲ್ಲ, ತೆಂಕಣ ಟರ್ಕಿಯ ಹತಾಯ್ ಪ್ರಾಂತ್ಯದ್ದು. ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನು ಮಾಡುತ್ತಿದ್ದ, ಹತಾಯ್‌ನ ಮುಖ್ಯ ಪಟ್ಟಣವಾದ ಅಂತಾಕ್ಯದವನು. 2023ರ ಫೆಬ್ರವರಿ 6ರ ಭೂಕಂಪದಲ್ಲಿ ನೆಲಸಮವಾದ ಊರು ಅದು. ಹತಾಯ್‌ಗೆ 2017ರಲ್ಲಿ ಯುನೆಸ್ಕೋ ತನ್ನ ಸೃಜನಶೀಲ ನಗರಗಳ ಜಾಲದಲ್ಲಿ ಪಾಕಕಲೆಗಾಗಿ ಜಾಗ ಕೊಟ್ಟಿತ್ತು. ಆ ಅಡುಗೆಯ ಊರು ಬಿದ್ದುಹೋಗಿ, ಅದರ ಒಂದು ತಟ್ಟೆ ಕಡಿಕೊಯ್‌ನ ಓಣಿಗೆ ಬಂದು ಕೂತಿದೆ. ನಾನು ಹೆಚ್ಚು ಮಾತಾಡಲಿಲ್ಲ, ಭಾಷೆಯೂ ಬರುವುದಿಲ್ಲ. ತಟ್ಟೆ ಖಾಲಿ ಮಾಡಿ, ಅಡುಗೆ ಮಾಡಿದವರಿಗೆ ಅಲ್ಲಿ ಎಲ್ಲರೂ ಹೇಳುವ "ಎಲಿನಿಜೆ ಸಾಲಿಕ್" ಹೇಳಿದೆ, ಕೈ ಚೆನ್ನಾಗಿರಲಿ ಅನ್ನುವ ಹಾರೈಕೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

ನನಗೆ ಪ್ರವಾಸ ಅಂದರೆ ಇದು ಬೇಕು. ಒಂದು ದೇಶದಲ್ಲಿ ಕಾಲ ಹೇಗೆ ಕಳೆಯಿತು, ಯಾರು ಬಂದರು, ಯಾರು ಹೋದರು, ಯಾರ ತಟ್ಟೆ ಸಣ್ಣದಾಯಿತು ಅನ್ನುವುದು ಹೊರಗಿನವರಿಗೆ ಕಾಣುವ ಕಿಂಡಿಗಳು ಬಹಳ ಕಡಿಮೆ. ಸ್ಮಾರಕಗಳಲ್ಲಿ ಕಾಣುವುದಿಲ್ಲ, ಅವು ಹೋದಾಗ ಹೇಗಿದ್ದವೋ ಬಹುಪಾಲು ಹಾಗೇ ಇರುತ್ತವೆ. ಮೊದಲೇ ಪರಿಚಯವಿದ್ದ ಒಂದು ಸಾಧಾರಣ ಊಟದ ಮನೆಯಲ್ಲಿ ಕಾಣುತ್ತದೆ.

ಮತ್ತೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಇಂಥ ಜಾಗಗಳು ಉಳಿಯುವುದು ಖಾತ್ರಿಯಿಲ್ಲ. ಇಸ್ತಿಕ್ಲಾಲ್ ಬೀದಿಯಲ್ಲಿ ಇನ್ಜಿ ಅಂತ ಒಂದು ಸಿಹಿತಿಂಡಿ ಅಂಗಡಿ, 1944ರಿಂದ ಪ್ರಾಫಿಟರೋಲ್‌ಗೆ, ಅಂದರೆ ಕೆನೆ ತುಂಬಿ ಚಾಕೊಲೇಟ್ ಸುರಿದ ಸಿಹಿಗೆ, ಹೆಸರಾಗಿತ್ತು. ಹಳೆಯ ಕಟ್ಟಡವನ್ನು ಹೊಸದು ಮಾಡುವ ಯೋಜನೆಗಾಗಿ 2012ರ ಡಿಸೆಂಬರಿನಲ್ಲಿ ಅದನ್ನು ಅಲ್ಲಿಂದ ಎಬ್ಬಿಸಿದರು, ಪಕ್ಕದ ಓಣಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ಅದೇ ಆವರಣದ ಎಮೆಕ್ ಚಿತ್ರಮಂದಿರ ಮರುವರ್ಷ ನೆಲಕ್ಕುರುಳಿತು, ಜನ ಬೀದಿಗಿಳಿದು ವಿರೋಧಿಸಿದರೂ ಉಳಿಯಲಿಲ್ಲ. ಎಮಿನೋನುವಿನ ಮಸಾಲೆ ಬಜಾರಿನ ಬಾಗಿಲ ಮೇಲಿರುವ ಪಾಂದೆಲಿಯ ಕತೆ ಇನ್ನೂ ಉದ್ದ. ಪಾಂದೆಲಿ ಚೊಬಾನೊಲು ಎಂಬ ಗ್ರೀಕ್ ಮೂಲದವರು 1901ರಲ್ಲಿ ಶುರುಮಾಡಿದ್ದು. 1955ರ ಸೆಪ್ಟೆಂಬರಿನಲ್ಲಿ ಗ್ರೀಕರ ಅಂಗಡಿ ಮನೆಗಳ ಮೇಲೆ ದೊಂಬಿ ನಡೆದಾಗ ಅವರ ಹೋಟೆಲೂ ಹಾಳಾಯಿತು. ಆಮೇಲೆ ಬಜಾರಿನ ಮೇಲಿನ, ನೀಲಿ ಹೆಂಚುಗಳ ಈಗಿನ ಕೋಣೆಗಳಿಗೆ ಬಂದರು. 2016ರಲ್ಲಿ ಮುಚ್ಚಿತು, ಎರಡು ವರ್ಷದ ಮೇಲೆ ಬೇರೆಯವರು ಕೈಹಿಡಿದು ತೆರೆದರು. ಅಷ್ಟು ಹೆಸರಿದ್ದವರ ಪಾಡೇ ಹೀಗಿದ್ದರೆ, ಹೆಸರಿಲ್ಲದ ಓಣಿಯ ಲೋಕಾಂತಾಗಳನ್ನು ಉಳಿಸುವುದು ಯಾರು? ದಿನದಿನವೂ ಮರಳಿ ಬರುವ ಗಿರಾಕಿ ಮಾತ್ರ. ಪ್ರವಾಸಿಯ ಎರಡು ಊಟದಿಂದ ಅವರ ಬಾಡಿಗೆ ಹುಟ್ಟುವುದಿಲ್ಲ, ನಿಜ. ಆದರೂ ಅವರು ಬದುಕಿರುವುದು ಮರಳಿ ಬರುವವರಿಂದ ಅನ್ನುವುದನ್ನು ಗೌರವಿಸುವ ರೀತಿ ನಾವೂ ಮರಳಿ ಹೋಗುವುದು.

ಪಟ್ಟಿಗಳ ಬಗ್ಗೆ ನನಗಿರುವ ತಕರಾರೂ ಇಲ್ಲಿಂದಲೇ ಬಂದದ್ದು. 2022ರ ಅಕ್ಟೋಬರಿನಲ್ಲಿ, ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಇಸ್ತಾಂಬುಲ್‌ಗೆ ಬಂತು. ಅದರಲ್ಲಿ ತಪ್ಪಿಲ್ಲ, ಅಲ್ಲಿನ ಒಳ್ಳೆಯ ಬಾಣಸಿಗರಿಗೆ ಸಿಗಬೇಕಾದ ಮನ್ನಣೆ ಸಿಕ್ಕಿತು. ಕಡಿಕೊಯ್‌ನಲ್ಲೇ ಮೂಸಾ ದಾದೆವಿರೆನ್ ಅವರ ಚಿಯಾ ಅನ್ನುವ ಹೋಟೆಲು ಇದೆ. 1987ರಿಂದ ನಡೆಯುತ್ತಿದೆ, ಅನಾತೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಹಳ್ಳಿಗಳನ್ನು ಸುತ್ತಿ ಮರೆತುಹೋಗುತ್ತಿದ್ದ ಅಡುಗೆಗಳನ್ನು ಹುಡುಕಿ ತಂದ ಮನುಷ್ಯ. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮೇಲೆ ಲೋಕವೆಲ್ಲ ಅಲ್ಲಿಗೆ ಬರುತ್ತಿದೆ, ಬರಲಿ, ಅವರು ಅದಕ್ಕೆ ಅರ್ಹರು, ತಯಾರೂ ಇದ್ದಾರೆ. ಆದರೆ ನಲವತ್ತು ಜನ ಕೂರುವ, ಒಬ್ಬ ಉಸ್ತಾ ನಡೆಸುವ ಲೋಕಾಂತಾದ ಮುಂದೆ ಫೋನು ಹಿಡಿದವರ ಸಾಲು ನಿಂತರೆ, ಅರ್ಧ ಗಂಟೆ ಬಿಡುವಿನಲ್ಲಿ ಉಣ್ಣಬೇಕಾದ ಬೀಗ ರಿಪೇರಿಯವನು ಎಲ್ಲಿಗೆ ಹೋಗಬೇಕು? ಹಾಗೆ ಬಂದವರು ಮತ್ತೆ ಬರುವವರೂ ಅಲ್ಲ. ಹೆಸರು ಹಾಕುವುದಿಲ್ಲ ಅಂದದ್ದು ಇದಕ್ಕೇ. ಅಂಥ ಲೋಕಾಂತಾ ಕಡಿಕೊಯ್‌ನಲ್ಲಿ, ಉಸ್ಕುದಾರ್‌ನಲ್ಲಿ, ಕರಾಕೊಯ್‌ನಲ್ಲಿ ಬೇಕಾದಷ್ಟಿವೆ. ನಿಮ್ಮದನ್ನು ನೀವೇ ಕಂಡುಕೊಳ್ಳಬಹುದು. ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿಯವರು ಯಾವ ಬಾಗಿಲಿಗೆ ನುಗ್ಗುತ್ತಾರೆ ನೋಡಿದರೆ ಸಾಕು.

ಮರಳಿ ಹೋಗುವವರಿಗೆ ಒಂದು ಮಾತು. ಹಿಂದಿನ ರುಚಿಯೇ ಇರಬೇಕು ಅಂತ ಹಟ ಹಿಡಿಯಬೇಡಿ. ಉಸ್ತಾ ಬದಲಾಗಿರುತ್ತಾನೆ, ಎಣ್ಣೆಯ ಬೆಲೆ ಏರಿರುತ್ತದೆ, ಅಂದು ನಿಮ್ಮ ಜೊತೆ ಕೂತು ಉಂಡವರು ಇಂದು ಇಲ್ಲದಿರಬಹುದು. "ಮೊದಲಿನ ಹಾಗಿಲ್ಲ" ಅಂತ ರಿವ್ಯೂ ಬರೆದು ನಕ್ಷತ್ರ ಕಿತ್ತುಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಐದು ವರ್ಷದಲ್ಲಿ ಆ ದೇಶದ ದುಡ್ಡು ಐದು ಪಟ್ಟು ಸವೆದಿದೆ, ಅಷ್ಟಾದರೂ ಅವರು ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದಾರೆ.

ಹೋಗುವವರಿಗೆ ಕೆಲವು ಉಪಯೋಗದ ಸಂಗತಿ. ಸಸ್ಯಾಹಾರಿಗಳು ಬಿಸಿ ತಟ್ಟೆಗಳ ವಿಷಯದಲ್ಲಿ ಕೇಳಿಯೇ ತೆಗೆದುಕೊಳ್ಳಿ. ಬೇಳೆ ಸೂಪಿಗೂ ಪಿಲಾವ್‌ಗೂ ಎಷ್ಟೋ ಕಡೆ ಮಾಂಸದ ಅಥವಾ ಕೋಳಿಯ ಸಾರು ಹಾಕಿರುತ್ತಾರೆ. ಮಾಂಸ ಕಾಣದಿದ್ದರೆ ಇಲ್ಲ ಅಂತಲೇ ಅವರೂ ಅಂದುಕೊಳ್ಳಬಹುದು. "ಎತ್ ಸುಯು ವಾರ್ ಮಿ?" ಅಂದರೆ ಮಾಂಸದ ಸಾರು ಇದೆಯಾ ಅಂತ. ತಣ್ಣನೆ ಜೈತಿನ್‌ಯಾಲಿ ಸಾಲಿನಲ್ಲಿ ಈ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಕೆಲವು ಲೋಕಾಂತಾಗಳು ತೆರೆಯುವುದಿಲ್ಲ. ಕೆಲಸಗಾರರನ್ನು ನೆಚ್ಚಿಕೊಂಡ ಎಷ್ಟೋ ಲೋಕಾಂತಾಗಳಿಗೆ ಭಾನುವಾರ ರಜೆ. ಹಾಗಾಗಿ ಶುಕ್ರವಾರ ರಾತ್ರಿ ಇಳಿಯುವ ಟಿಕೆಟ್ ತೆಗೆಯಬೇಡಿ. ಸೋಮವಾರ ಇಳಿದರೆ ಮಂಗಳವಾರ ಒಮ್ಮೆ, ಬುಧವಾರ ಇನ್ನೊಮ್ಮೆ ಹೋಗಬಹುದು.